ಒಳಮನೆಯ ಹೆಣ್ಣು, ಹೊರಗಣ ದುಡಿಮೆ: ಜಪಾನಿನ ಲಿಂಗಪಾತ್ರಗಳ ಮುಂದುವರಿಕೆ ಮತ್ತು ಪಲ್ಲಟ

1

ಜಪಾನಿ ಭಾಷೆಯಲ್ಲಿ ಗಂಡನಾದವನು ತನ್ನ ಹೆಂಡತಿಯನ್ನು ಪರರ ಮುಂದೆ ಹೆಸರಿಸುವಾಗ ಬಳಸುತ್ತ ಬಂದಿರುವ ಪದಗಳಲ್ಲಿ ‘ಕನಾಯ್’ ಎಂಬುದೊಂದು. ‘ಮನೆಯ ಒಳಗು’ ಎಂಬುದೇ ಅದರ ಮೂಲಾರ್ಥ. ಇತರರ ಹೆಂಡತಿಯನ್ನು ಗೌರವದಿಂದ ಕರೆಯುವ ‘ಒಕುಸಾನ್’ ಎಂಬ ಪದದಲ್ಲಿಯೂ ‘ಒಕು’ ಎಂದರೆ ಒಳಭಾಗ, ಮನೆಯ ಒಳಗಣ ತಾಣ. ಹೆಂಡತಿಯು ಗಂಡನನ್ನು ಕುರಿತು ಆಡುವ ‘ಶುಜಿನ್’ ಎಂಬ ಪದಕ್ಕೆ ಒಡೆಯ ಎಂದರ್ಥ. ‘ನಮ್ಮ ಯಜಮಾನರು’, ‘ನಮ್ಮ ಮನೆಯವರು’ ಎಂಬ ಮಾತುಗಳನ್ನು ದಿನವೂ ಕೇಳುವ ಕನ್ನಡಿಗರಿಗೆ ಈ ಪದಗಳು ಅಪರಿಚಿತವೆನಿಸಲಾರವು. ಆದರೆ ಒಂದು ವ್ಯತ್ಯಾಸವಿದೆ. ಕನ್ನಡದ ‘ಮನೆಯವರು’ ಗಂಡನಿಗೂ ಸಲ್ಲುತ್ತದೆ, ಹೆಂಡತಿಗೂ ಸಲ್ಲುತ್ತದೆ. ಜಪಾನಿನ ‘ಕನಾಯ್’ ಹೆಣ್ಣಿಗೆ ಮಾತ್ರ ಮೀಸಲು.

ಇಂತಹ ಪದಗಳನ್ನು ಆಧಾರವಾಗಿಟ್ಟುಕೊಂಡು, ಜಪಾನ್ ಯಂತ್ರೋದ್ಯಮದಲ್ಲಿ ಆಧುನಿಕವಾಗಿಯೂ ಕುಟುಂಬದಲ್ಲಿ ಸಾಂಪ್ರದಾಯಿಕವಾಗಿಯೂ ಉಳಿದಿದೆ ಎಂದು ವಿವರಿಸುವ ಕ್ರಮವೊಂದು ಬಳಕೆಯಲ್ಲಿದೆ. ಈ ವಿವರಣೆ ಸರಳವಾದುದು, ಸರಳವಾದುದರಿಂದಲೇ ಅನುಮಾನಾಸ್ಪದವಾದುದು. ಗಂಡು ಹೊರಗೆ ದುಡಿಯಬೇಕು, ಹೆಣ್ಣು ಒಳಗೆ ಮನೆ ನೋಡಿಕೊಳ್ಳಬೇಕು ಎಂಬ ವಿಭಜನೆಯು ಜಪಾನಿನ ಬಹುಸಂಖ್ಯಾತ ಜನರ ಬದುಕಿನಲ್ಲಿ ಪ್ರಾಚೀನ ಕಾಲದಿಂದ ಇದ್ದುದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾನೂನು ಮತ್ತು ಶಾಲೆಗಳ ಮೂಲಕ ರೂಪುಗೊಂಡು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಪನಿ ಮತ್ತು ತೆರಿಗೆ ವ್ಯವಸ್ಥೆಗಳ ಮೂಲಕ ಸಾರ್ವತ್ರಿಕವಾಯಿತು. ಆಧುನಿಕತೆಯ ಕೂಸನ್ನು ಪರಂಪರೆಯ ತೊಟ್ಟಿಲಲ್ಲಿ ಮಲಗಿಸಿದ ಈ ಪ್ರಕ್ರಿಯೆಯನ್ನು ಬಿಡಿಸಿ ನೋಡದ ಹೊರತು, ಇಂದು ಅಲ್ಲಿ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂಬುದು ಸ್ಪಷ್ಟವಾಗುವುದಿಲ್ಲ.

2

ತೊಕುಗಾವಾ ಆಳ್ವಿಕೆಯ ಕಾಲದಲ್ಲಿ ಪ್ರಚಾರಕ್ಕೆ ಬಂದ ‘ಒನ್ನಾ ದಾಯ್‌ಗಾಕು’ ಎಂಬ ನೀತಿಗ್ರಂಥ ಹೆಣ್ಣಿಗೆ ವಿಧೇಯತೆಯನ್ನು ಬೋಧಿಸುತ್ತದೆ. ಕಾಯ್‌ಬಾರಾ ಎಕ್ಕೆನ್ ಎಂಬ ವಿದ್ವಾಂಸನ ಹೆಸರಿಗೆ ಹಚ್ಚಲಾಗಿರುವ ಈ ಕೃತಿ ಸೊಸೆಯ ಕರ್ತವ್ಯಗಳನ್ನು ಹೇಳುತ್ತದೆಯೇ ಹೊರತು, ಮಕ್ಕಳಿಗೆ ವಿದ್ಯೆ ಕಲಿಸುವ ತಾಯಿಯ ಚಿತ್ರವನ್ನು ಮುಂದಿಡುವುದಿಲ್ಲ. ಅಲ್ಲದೆ ಈ ಬಗೆಯ ನೀತಿ ಮುಖ್ಯವಾಗಿ ಸಾಮುರಾಯ್ ಮನೆತನಗಳ ಆದರ್ಶವಾಗಿತ್ತು. ಆ ವರ್ಗವೋ ಒಟ್ಟು ಜನಸಂಖ್ಯೆಯಲ್ಲಿ ಶೇ. 10ಕ್ಕಿಂತ ಕಡಿಮೆ. ಉಳಿದ ರೈತಾಪಿ ಮನೆಗಳಲ್ಲಿ ಹೆಣ್ಣು ನಾಟಿ ಮಾಡುತ್ತಿದ್ದಳು, ರೇಷ್ಮೆಹುಳು ಸಾಕುತ್ತಿದ್ದಳು, ನೂಲುತ್ತಿದ್ದಳು. ಕರಾವಳಿಯಲ್ಲಿ ‘ಅಮಾ’ ಎಂದು ಕರೆಯಲಾಗುವ ಹೆಂಗಸರು ಕಡಲಿನಾಳಕ್ಕೆ ಮುಳುಗಿ ಚಿಪ್ಪು, ಕಡಲಪಾಚಿಗಳನ್ನು ತರುತ್ತಿದ್ದರು. ಇವರ ಪಾಲಿಗೆ ‘ಒಳಗು’ ಎಂಬುದು ನಿಲುಕದ ಐಷಾರಾಮವಾಗಿತ್ತು.

1868ರ ಮೇಜಿ ಪುನಃಸ್ಥಾಪನೆಯ ನಂತರ ಈ ಅಲ್ಪಸಂಖ್ಯಾತ ವರ್ಗದ ಆದರ್ಶವನ್ನು ಇಡೀ ರಾಷ್ಟ್ರದ ಆದರ್ಶವಾಗಿಸುವ ಕೆಲಸವನ್ನು ಪ್ರಭುತ್ವ ಕೈಗೆತ್ತಿಕೊಂಡಿತು. 1898ರ ನಾಗರಿಕ ಸಂಹಿತೆ ‘ಇಯೆ’ ಎಂಬ ಮನೆತನದ ಘಟಕವನ್ನು ಕಾನೂನಿನ ಬುನಾದಿಯನ್ನಾಗಿ ಮಾಡಿತು. ಮನೆತನದ ಯಜಮಾನನಿಗೆ ಸದಸ್ಯರ ಮದುವೆ, ವಾಸಸ್ಥಳಗಳ ಮೇಲೆ ಅಧಿಕಾರ ದೊರೆಯಿತು. ಮದುವೆಯಾದ ಹೆಣ್ಣು ಆಸ್ತಿಯ ಮುಖ್ಯ ವ್ಯವಹಾರಗಳಿಗೆ ಗಂಡನ ಅನುಮತಿ ಪಡೆಯಬೇಕಾಯಿತು. ಮರುವರ್ಷ, 1899ರಲ್ಲಿ, ಬಾಲಕಿಯರ ಪ್ರೌಢಶಾಲೆಗಳ ಆಜ್ಞೆ ಹೊರಟಿತು. ಈ ಶಾಲೆಗಳ ಗುರಿಯನ್ನು ಸೂಚಿಸಲು ಬಳಕೆಯಾದ ಪದಪುಂಜ ‘ರ್ಯೋಸಾಯ್ ಕೆಂಬೊ’, ಎಂದರೆ ‘ಒಳ್ಳೆಯ ಹೆಂಡತಿ, ವಿವೇಕಿ ತಾಯಿ’. ಪಾಶ್ಚಾತ್ಯ ವಿಚಾರಗಳಿಂದ ಪ್ರಭಾವಿತನಾಗಿದ್ದ ನಾಕಾಮುರಾ ಮಾಸಾನಾವೊ ಎಂಬ ಚಿಂತಕ 1870ರ ದಶಕದಲ್ಲಿ ಮಂಡಿಸಿದ ವಿಚಾರದಿಂದ ಇದು ಬೆಳೆಯಿತೆಂದು ಹೇಳಲಾಗುತ್ತದೆ. ಈ ಆದರ್ಶವು ಊಳಿಗಮಾನ್ಯದ ಅವಶೇಷವಲ್ಲ, ಆಧುನಿಕ ರಾಷ್ಟ್ರ ನಿರ್ಮಾಣದ ಭಾಗ ಎಂಬುದನ್ನು ಶಿಕ್ಷಣ ಇತಿಹಾಸಕಾರ್ತಿ ಕೊಯಾಮಾ ಶಿಜುಕೊ ವಿವರವಾಗಿ ತೋರಿಸಿಕೊಟ್ಟಿದ್ದಾರೆ.

ಭಾಷೆಯಲ್ಲಿಯೂ ಇದೇ ಬಗೆಯ ಘಟನೆ ನಡೆದಿರುವುದು ಭಾಷಾಧ್ಯಯನಕಾರರಿಗೆ ಕುತೂಹಲದ ವಿಷಯ. ಜಪಾನಿನ ‘ಹೆಂಗಸರ ನುಡಿ’ಯನ್ನು ಪ್ರಾಚೀನ ಸಂಸ್ಕೃತಿಯ ಕೊಡುಗೆಯೆಂದು ಬಗೆಯುವುದು ವಾಡಿಕೆ. ಆದರೆ ಅದರ ವಿಶಿಷ್ಟ ವಾಕ್ಯಾಂತ್ಯ ಪ್ರತ್ಯಯಗಳಲ್ಲಿ ಹಲವು 1880ರ ದಶಕದ ಶಾಲಾ ಹುಡುಗಿಯರ ಮಾತಿನಲ್ಲಿ ಕಾಣಿಸಿಕೊಂಡವು; ಆಗಿನ ಪಂಡಿತರು, ಬರಹಗಾರರು ಅವನ್ನು ಅಸಭ್ಯವೆಂದು ಹಳಿದರು. ಕಾದಂಬರಿ, ಪತ್ರಿಕೆ, ಜಾಹೀರಾತುಗಳಲ್ಲಿ ಮರುಬಳಕೆಗೊಂಡ ಬಳಿಕ ಅದೇ ನುಡಿ ಕುಲೀನ ಹೆಣ್ಣಿನ ಸಹಜ ಮಾತೆನಿಸಿತು ಎಂಬುದು ಭಾಷಾ ಮಾನವಶಾಸ್ತ್ರಜ್ಞೆ ಇನೊಯೆ ಮಿಯಾಕೊ ಅವರ 2006ರ ಅಧ್ಯಯನದ ವಾದ. ನಿನ್ನೆ ಬೈಸಿಕೊಂಡದ್ದು ಇಂದು ಪರಂಪರೆಯಾಗುವುದು ಹೀಗೆ.

3

ವಿವೇಕಿ ತಾಯಿಯ ಪಾಠ ಶಾಲೆಗಳಲ್ಲಿ ನಡೆಯುತ್ತಿದ್ದಾಗಲೇ ದೇಶದ ಕಾರ್ಖಾನೆಗಳು ಹೆಣ್ಣುಮಕ್ಕಳಿಂದ ತುಂಬಿದ್ದವು. 1872ರಲ್ಲಿ ಸರ್ಕಾರ ತೊಮಿಯೊಕಾದಲ್ಲಿ ಮಾದರಿ ರೇಷ್ಮೆ ಕಾರ್ಖಾನೆಯನ್ನು ತೆರೆದಾಗ ಮಾಜಿ ಸಾಮುರಾಯ್ ಮನೆತನಗಳ ಹುಡುಗಿಯರೂ ಅಲ್ಲಿ ನೂಲು ತೆಗೆಯಲು ಕಲಿತರು. ಅವರಲ್ಲೊಬ್ಬಳಾದ ವಾದಾ ಎಯ್ ಮುಂದೆ ಬರೆದ ನೆನಪುಗಳಲ್ಲಿ ಹೆಮ್ಮೆಯಿದೆ. ಆದರೆ ಆ ಹೆಮ್ಮೆ ಹೆಚ್ಚು ಕಾಲ ಉಳಿಯಲಿಲ್ಲ. ಖಾಸಗಿ ಗಿರಣಿಗಳು ಹೆಚ್ಚಿದಂತೆ ಬಡ ರೈತರ ಮಕ್ಕಳು ಬಂದರು. ತಂದೆ ಮುಂಗಡ ಹಣ ಪಡೆದು ಕರಾರಿಗೆ ಸಹಿ ಹಾಕುತ್ತಿದ್ದ. ಮಗಳು ಗಿರಣಿಯ ವಸತಿಯಲ್ಲಿದ್ದುಕೊಂಡು ದಿನಕ್ಕೆ ಹನ್ನೆರಡು ತಾಸಿಗೂ ಮಿಗಿಲಾಗಿ ದುಡಿದು ಅದನ್ನು ತೀರಿಸುತ್ತಿದ್ದಳು. ಹಿದಾ ಪ್ರದೇಶದ ಹುಡುಗಿಯರು ಹಿಮ ತುಂಬಿದ ನೊಮುಗಿ ಕಣಿವೆಯನ್ನು ದಾಟಿ ಸುವಾ ಭಾಗದ ಗಿರಣಿಗಳಿಗೆ ನಡೆದುಹೋಗುತ್ತಿದ್ದರು. ಕಚ್ಚಾ ರೇಷ್ಮೆ ಜಪಾನಿನ ಪ್ರಧಾನ ರಫ್ತಾಗಿದ್ದ ಆ ದಶಕಗಳಲ್ಲಿ ಕಾರ್ಖಾನೆ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಜಪಾನಿನ ಕೈಗಾರಿಕೀಕರಣದ ಮೊದಲ ಬಂಡವಾಳ ಸಂಗ್ರಹವಾದದ್ದು ಇವರ ಬೆರಳುಗಳಿಂದ ಎಂದರೆ ಅತಿಶಯೋಕ್ತಿಯಾಗದು.

ಈ ಕಥನಕ್ಕೆ ಕರ್ನಾಟಕದೊಂದಿಗೆ ಸಣ್ಣದೊಂದು ನಂಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆ. ಎನ್. ಟಾಟಾ ಅವರು ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಕೃಷಿ ಕೇಂದ್ರವನ್ನು ಸ್ಥಾಪಿಸಿದರು. 1898ರಲ್ಲಿ ಜಪಾನಿಗೆ ಭೇಟಿಯಿತ್ತ ವಿಶ್ವೇಶ್ವರಯ್ಯನವರು ಆ ದೇಶದ ಕೈಗಾರಿಕಾ ಪ್ರಗತಿಯನ್ನು ಮುಂದೆ ಮಾದರಿಯಾಗಿ ಎತ್ತಿ ಹಿಡಿದರು. ಅವರು ಹೋದ ವರ್ಷವೇ ಮೇಲೆ ಹೇಳಿದ ನಾಗರಿಕ ಸಂಹಿತೆಯ ವರ್ಷ. ಮಾದರಿಯಾಗಿ ಇಲ್ಲಿಗೆ ಬಂದದ್ದು ಗಿರಣಿ ಮತ್ತು ಯಂತ್ರಗಳ ಜಪಾನ್. ಗಿರಣಿಯ ವಸತಿಯಲ್ಲಿದ್ದ ಹುಡುಗಿಯ ಜಪಾನ್ ಅಲ್ಲ.

ಆ ಹುಡುಗಿಯರು ಮೂಕರಾಗಿದ್ದರೆಂದು ಭಾವಿಸಬೇಕಾಗಿಲ್ಲ. 1886ರಲ್ಲಿ ಕೊಫು ಪಟ್ಟಣದ ಅಮೆಮಿಯಾ ರೇಷ್ಮೆ ಗಿರಣಿಯ ಹೆಂಗಸರು ಕೆಲಸ ನಿಲ್ಲಿಸಿದರು. ಜಪಾನಿನ ಮೊದಲ ಕಾರ್ಖಾನೆ ಮುಷ್ಕರವೆಂದು ಇತಿಹಾಸಕಾರರು ಗುರುತಿಸುವುದು ಇದನ್ನೇ. 1925ರಲ್ಲಿ ಹೊಸೊಯ್ ವಾಕಿಜೊ ಪ್ರಕಟಿಸಿದ ‘ಜೊಕೊ ಆಯ್‌ಶಿ’ (ಕಾರ್ಖಾನೆ ಹೆಂಗಸರ ದುಃಖಚರಿತ್ರೆ) ಹತ್ತಿಗಿರಣಿಗಳ ಬದುಕಿಗೆ ದಾಖಲೆಯ ರೂಪ ನೀಡಿತು. ಇತ್ತ ವಿವಾಹಿತ ಮಧ್ಯಮವರ್ಗದ ಹೆಣ್ಣಿನ ಇಕ್ಕಟ್ಟನ್ನು ಹಿಗುಚಿ ಇಚಿಯೊ 1895ರ ‘ಜೂಸಾನ್‌ಯಾ’ (ಹದಿಮೂರನೆಯ ಇರುಳು) ಕತೆಯಲ್ಲಿ ಹಿಡಿದಿಟ್ಟಿದ್ದಾಳೆ. ಕ್ರೂರಿ ಗಂಡನನ್ನು ಬಿಡಲು ನಿಶ್ಚಯಿಸಿ ತವರಿಗೆ ಬಂದ ನಾಯಕಿಯನ್ನು ತಂದೆ ಮಗುವಿನ ಹೆಸರಿನಲ್ಲಿ, ತಮ್ಮನ ಭವಿಷ್ಯದ ಹೆಸರಿನಲ್ಲಿ ಒಪ್ಪಿಸಿ ಮರಳಿ ಕಳುಹಿಸುತ್ತಾನೆ. ತಂದೆ ಇಲ್ಲಿ ಕೆಟ್ಟವನಲ್ಲ. ಕತೆಯ ಶಕ್ತಿ ಇರುವುದೇ ಅಲ್ಲಿ. ಗಿರಣಿಯ ಹುಡುಗಿಗೂ ಅಧಿಕಾರಿಯ ಹೆಂಡತಿಗೂ ವರ್ಗದ ಅಂತರ ಅಗಾಧ. ಆದರೂ ಇಬ್ಬರ ಬದುಕಿನ ಕರಾರಿಗೂ ತಂದೆಯದೇ ಸಹಿ.

1918-19ರ ‘ತಾಯ್ತನ ರಕ್ಷಣೆಯ ವಾಗ್ವಾದ’ದಲ್ಲಿ ಯೊಸಾನೊ ಅಕಿಕೊ ಹೆಣ್ಣಿನ ಆರ್ಥಿಕ ಸ್ವಾವಲಂಬನೆಯನ್ನು, ‘ಸೆಯ್‌ತೊ’ ಪತ್ರಿಕೆಯ ಸ್ಥಾಪಕಿ ಹಿರಾತ್ಸುಕಾ ರಾಯ್‌ಚೊ ತಾಯಂದಿರಿಗೆ ಪ್ರಭುತ್ವದ ನೆರವನ್ನು, ಯಾಮಾಕಾವಾ ಕಿಕುಯೆ ಆರ್ಥಿಕ ವ್ಯವಸ್ಥೆಯ ಬದಲಾವಣೆಯನ್ನು ಪ್ರತಿಪಾದಿಸಿದರು. ಶತಮಾನ ಕಳೆದರೂ ಈ ಮೂರು ನಿಲುವುಗಳ ಆಚೆಗೆ ಚರ್ಚೆ ಬಹಳ ದೂರ ಸಾಗಿಲ್ಲ.

4

ಯುದ್ಧದಲ್ಲಿ ಸೋತ ನಂತರ ಕಾನೂನಿನ ಚಿತ್ರ ಪೂರ್ತಿಯಾಗಿ ಬದಲಾಯಿತು. 1946ರ ಏಪ್ರಿಲ್ ಚುನಾವಣೆಯಲ್ಲಿ ಹೆಂಗಸರು ಮೊದಲ ಬಾರಿಗೆ ಮತ ಹಾಕಿದರು. 39 ಮಂದಿ ಮಹಿಳೆಯರು ಆಯ್ಕೆಯಾದರು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೆಯ ವಿಧಿ ಮದುವೆಯನ್ನು ಇಬ್ಬರ ಸಮ್ಮತಿಯ ಮೇಲೆ, ಸಮಾನ ಹಕ್ಕುಗಳ ಮೇಲೆ ನಿಲ್ಲಿಸಿತು. ‘ಇಯೆ’ ವ್ಯವಸ್ಥೆ ಕಾನೂನಿನಿಂದ ಅಳಿಯಿತು.

ಆದರೆ ಪೂರ್ಣಕಾಲಿಕ ಗೃಹಿಣಿ ಎಂಬ ಸ್ಥಾನ ಜನಸಾಮಾನ್ಯರಿಗೆ ದೊರೆತದ್ದು ಇದರ ನಂತರ. 1955ರಲ್ಲಿ ಹದಿನೈದು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶೇ. 56ಕ್ಕೂ ಹೆಚ್ಚು ಮಂದಿ ದುಡಿಮೆಯಲ್ಲಿದ್ದರು. ಇಪ್ಪತ್ತು ವರ್ಷಗಳ ಅಭೂತಪೂರ್ವ ಆರ್ಥಿಕ ಬೆಳವಣಿಗೆಯ ತರುವಾಯ, 1975ರಲ್ಲಿ, ಈ ಪ್ರಮಾಣ ಶೇ. 46ರ ಆಸುಪಾಸಿಗೆ ಕುಸಿದು ಯುದ್ಧೋತ್ತರ ಕಾಲದ ಕನಿಷ್ಠ ಮಟ್ಟ ಮುಟ್ಟಿತು. ಹೊಲದಲ್ಲಿ ದುಡಿಯುತ್ತಿದ್ದವಳ ಮಗಳು ನಗರದ ವಸತಿ ಸಮುಚ್ಚಯದಲ್ಲಿ ಸಂಬಳದಾರನ ಹೆಂಡತಿಯಾದಳು. ಯುದ್ಧೋತ್ತರ ಜಪಾನಿನ ಹೆಂಗಸರು ಗೃಹಿಣಿಯರಾಗಿ ಉಳಿದವರಲ್ಲ, ಗೃಹಿಣಿಯರಾಗಿ ಮಾರ್ಪಟ್ಟವರು ಎಂಬ ಸಮಾಜಶಾಸ್ತ್ರಜ್ಞೆ ಒಚಿಯಾಯ್ ಎಮಿಕೊ ಅವರ ವಾದಕ್ಕೆ ಈ ಅಂಕಿಅಂಶಗಳೇ ಆಧಾರ. ಈ ಮಾರ್ಪಾಡು ಹಲವರಿಗೆ ಬಿಡುಗಡೆಯಾಗಿಯೇ ಕಂಡಿತ್ತೆಂಬುದನ್ನು ಮರೆಯಲಾಗದು. ಅತ್ತೆಯ ಕಣ್ಗಾವಲಿನಲ್ಲಿ ಗದ್ದೆಯ ಕೆಸರು ತುಳಿದವಳಿಗೆ ತನ್ನದೇ ಪುಟ್ಟ ಅಡುಗೆಮನೆ ಸಣ್ಣ ಲಾಭವಲ್ಲ.

ಈ ಅಡುಗೆಮನೆ ನಿಂತದ್ದು ಗಂಡನ ಕಂಪನಿಯ ಮೇಲೆ. ಜೀವಮಾನದ ನೌಕರಿ, ವಯಸ್ಸಿಗೆ ತಕ್ಕಂತೆ ಏರುವ ಸಂಬಳ, ಪ್ರತಿಯಾಗಿ ಮಿತಿಯಿಲ್ಲದ ಕೆಲಸದ ವೇಳೆ ಮತ್ತು ಹೇಳಿದ ಊರಿಗೆ ವರ್ಗವಾಗುವ ಸಿದ್ಧತೆ, ಇದು ಒಪ್ಪಂದ. ಇಂತಹ ನೌಕರ ಇರಬೇಕಾದರೆ ಮನೆಯಲ್ಲಿ ಅವನ ಊಟ, ಬಟ್ಟೆ, ಮಕ್ಕಳು, ಮುದಿ ತಂದೆತಾಯಿಗಳನ್ನು ನೋಡಿಕೊಳ್ಳುವ ಇನ್ನೊಬ್ಬರು ಇರಲೇಬೇಕು. ಕಂಪನಿ ಒಬ್ಬನಿಗೆ ಸಂಬಳ ಕೊಟ್ಟು ಇಬ್ಬರ ದುಡಿಮೆಯನ್ನು ಪಡೆಯುತ್ತಿತ್ತು. ಕಚೇರಿಯ ಯುವತಿಯರು ಚಹಾ ಕೊಟ್ಟು, ಕಾಗದಪತ್ರ ನೋಡಿಕೊಂಡು, ಮದುವೆಯಾದೊಡನೆ ಬಿಡಬೇಕೆಂಬುದು ರೂಢಿ. ಈ ಬಿಡುವಿಕೆಯ ಹೆಸರು ‘ಕೊತೊಬುಕಿ ತಾಯ್‌ಶಾ’, ಮಂಗಳಕರ ನಿವೃತ್ತಿ! ಈ ಮಂಗಳವನ್ನು ಒಪ್ಪದ ಹೆಂಗಸರು ನ್ಯಾಯಾಲಯಕ್ಕೆ ಹೋದರು. 1966ರಲ್ಲಿ ಸುಮಿತೊಮೊ ಸಿಮೆಂಟ್ ಪ್ರಕರಣದಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಮದುವೆಯ ಕಾರಣಕ್ಕೆ ಕೆಲಸ ಬಿಡಿಸುವುದನ್ನು ಅಸಿಂಧುವೆಂದಿತು. 1981ರಲ್ಲಿ ನಿಸ್ಸಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೆಂಗಸರಿಗೆ ಐದು ವರ್ಷ ಮೊದಲೇ ನಿವೃತ್ತಿ ವಿಧಿಸುವ ನಿಯಮವನ್ನು ರದ್ದುಪಡಿಸಿತು.

ಮನೆಯೊಳಗಿನ ದುಡಿಮೆಯ ಭಾರವನ್ನು ಸಾಹಿತ್ಯಕ್ಕೆ ತಂದ ಕೃತಿಗಳಲ್ಲಿ ಅರಿಯೊಶಿ ಸಾವಾಕೊ ಅವರ 1972ರ ಕಾದಂಬರಿ ‘ಕೊಕೊತ್ಸು ನೊ ಹಿತೊ’ ಮುಖ್ಯವಾದುದು. ವಕೀಲರ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆಯ ಮೇಲೆ ಅರಳುಮರಳಾದ ಮಾವನ ಆರೈಕೆ ಬೀಳುತ್ತದೆ. ಮಗ ತನ್ನ ತಂದೆಯಿಂದ ದೂರ ಸರಿಯುತ್ತಾನೆ. ತನ್ನನ್ನು ಜೀವಮಾನವೆಲ್ಲ ಗೋಳುಗುಟ್ಟಿಸಿದ ಮಾವನನ್ನು ಸೊಸೆ ನೋಡಿಕೊಳ್ಳುತ್ತಾಳೆ. ಲಕ್ಷಾಂತರ ಪ್ರತಿಗಳು ಮಾರಾಟವಾದ ಈ ಕಾದಂಬರಿ ವೃದ್ಧರ ಆರೈಕೆಯನ್ನು ಸಾರ್ವಜನಿಕ ಪ್ರಶ್ನೆಯಾಗಿಸಿತು. ದೀರ್ಘಕಾಲಿಕ ಆರೈಕೆ ವಿಮೆ ಜಾರಿಗೆ ಬರಲು 2000ದವರೆಗೆ ಕಾಯಬೇಕಾಯಿತು.

5

ಮುಂದುವರಿಕೆ ಮತ್ತು ಪಲ್ಲಟಗಳು ಹೆಣೆದುಕೊಂಡಿರುವ ಬಗೆಯನ್ನು ಅರಿಯಲು 1985ರಷ್ಟು ಸೂಕ್ತವಾದ ವರ್ಷ ಮತ್ತೊಂದಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಒಪ್ಪಂದವನ್ನು ಜಪಾನ್ ಅಂಗೀಕರಿಸಿದ್ದು ಆ ವರ್ಷ. ಅದಕ್ಕೆ ಪೂರಕವಾಗಿ ಸಮಾನ ಉದ್ಯೋಗಾವಕಾಶ ಕಾಯ್ದೆ ಅಂಗೀಕಾರವಾಯಿತು. ಆದರೆ ಕಾಯ್ದೆಯ ಕ್ರಿಯಾಪದಗಳನ್ನು ಗಮನಿಸಬೇಕು. ವಜಾ, ನಿವೃತ್ತಿ ಮೊದಲಾದವುಗಳಲ್ಲಿ ತಾರತಮ್ಯವನ್ನು ‘ನಿಷೇಧಿಸಿದ’ ಕಾಯ್ದೆ, ನೇಮಕಾತಿ ಮತ್ತು ಬಡ್ತಿಗಳ ಮಟ್ಟಿಗೆ ಸಮಾನತೆಗಾಗಿ ಮಾಲೀಕರು ‘ಪ್ರಯತ್ನಿಸಬೇಕು’ ಎಂದಷ್ಟೇ ಹೇಳಿತು. ಬಾಗಿಲಲ್ಲಿ ಪ್ರಯತ್ನ, ಒಳಗೆ ನಿಷೇಧ. ಈ ‘ಪ್ರಯತ್ನ’ ನಿಷೇಧವಾಗಿ ಬದಲಾದದ್ದು 1997ರ ತಿದ್ದುಪಡಿಯಲ್ಲಿ.

ಅದೇ 1985ರಲ್ಲಿ ಪಿಂಚಣಿ ಸುಧಾರಣೆಯೂ ನಡೆಯಿತು. ನೌಕರನ ಅವಲಂಬಿತ ಸಂಗಾತಿ ತಾನು ವಂತಿಗೆ ಕಟ್ಟದೆಯೇ ಮೂಲ ಪಿಂಚಣಿಗೆ ಅರ್ಹಳಾಗುವ ‘ಮೂರನೆಯ ವರ್ಗ’ ಹುಟ್ಟಿಕೊಂಡಿತು. ಶರತ್ತು ಒಂದೇ, ಅವಳ ಆದಾಯ ನಿರ್ದಿಷ್ಟ ಮಿತಿಯೊಳಗಿರಬೇಕು. 1961ರಿಂದಲೇ ಇದ್ದ ಸಂಗಾತಿ ತೆರಿಗೆ ವಿನಾಯಿತಿಯೊಡನೆ ಇದು ಸೇರಿ, ಜಪಾನಿನ ದಿನಮಾತಿನಲ್ಲಿ ‘ಗೋಡೆ’ ಎಂದು ಕರೆಯಲಾಗುವ ಆದಾಯಮಿತಿಗಳು ರೂಪುಗೊಂಡವು: ತೆರಿಗೆಗೆ 10.3 ಲಕ್ಷ ಯೆನ್, ಸಾಮಾಜಿಕ ವಿಮೆಗೆ 13 ಲಕ್ಷ ಯೆನ್. ವರ್ಷದ ಕೊನೆಯ ತಿಂಗಳುಗಳಲ್ಲಿ ಲೆಕ್ಕ ಹಾಕಿ ಕೆಲಸದ ತಾಸುಗಳನ್ನು ಕಡಿತಗೊಳಿಸಿಕೊಳ್ಳುವ ವಿವಾಹಿತೆಯರು ಅಲ್ಲಿನ ಅಂಗಡಿ, ಕಾರ್ಖಾನೆಗಳಲ್ಲಿ ಸಾಮಾನ್ಯ ದೃಶ್ಯವಾದರು. ಒಂದು ಕಾಯ್ದೆ ಹೆಣ್ಣನ್ನು ಹೊರಗೆ ಕರೆಯುತ್ತದೆ. ಇನ್ನೊಂದು ಬಹಳ ದೂರ ಹೋಗದಂತೆ ಸೆರಗು ಹಿಡಿಯುತ್ತದೆ. ತೆರಿಗೆಯ ಗೋಡೆಯನ್ನು 2025ರಲ್ಲಿ ಎತ್ತರಿಸಲಾಯಿತು, ಎಂದರೆ ಮಿತಿಯನ್ನು ಏರಿಸಲಾಯಿತು; ಗೋಡೆಯ ಕಲ್ಪನೆ ಉಳಿಯಿತು.

ಆ ವರ್ಷದ ಮೂರನೆಯ ಕಾನೂನು ಗುತ್ತಿಗೆ ನೌಕರರನ್ನು ಒದಗಿಸುವ ವ್ಯವಹಾರಕ್ಕೆ ಅನುಮತಿ ನೀಡಿದ್ದು. ಹೀಗೆ ಆಯ್ದ ಕೆಲವು ಹೆಂಗಸರಿಗೆ ಗಂಡಿನ ದಾರಿ, ಹೆಂಡತಿಯರಿಗೆ ಅವಲಂಬನೆಯ ರಕ್ಷಣೆ, ಉಳಿದವರಿಗೆ ಅಸ್ಥಿರ ನೌಕರಿ ಎಂಬ ಮೂರು ಕವಲುಗಳು ಒಂದೇ ವರ್ಷದಲ್ಲಿ ಒಡೆದವು. ಕಂಪನಿಗಳೂ ತಮ್ಮ ನೇಮಕಾತಿಯನ್ನು ‘ಸೊಗೊಶೊಕು’ ಮತ್ತು ‘ಇಪ್ಪಾನ್‌ಶೊಕು’ ಎಂಬ ಎರಡು ಜಾಡುಗಳಾಗಿ ಒಡೆದವು. ಮೊದಲನೆಯದರಲ್ಲಿ ಬಡ್ತಿಯುಂಟು, ದೇಶದ ಯಾವ ಮೂಲೆಗಾದರೂ ವರ್ಗವಾಗುವ ಶರತ್ತೂ ಉಂಟು. ಎರಡನೆಯದರಲ್ಲಿ ಎರಡೂ ಇಲ್ಲ. ಲಿಂಗದ ಹೆಸರೆತ್ತದೆ ಲಿಂಗವಿಭಜನೆಯನ್ನು ಉಳಿಸಿಕೊಳ್ಳುವ ಈ ಜಾಣ್ಮೆಯನ್ನು ಮೆಚ್ಚದಿರಲು ಕಷ್ಟ.

6

1990ರ ದಶಕದ ಆರ್ಥಿಕ ಕುಸಿತ ಈ ಒಪ್ಪಂದದ ಇನ್ನೊಂದು ತುದಿಯನ್ನು, ಎಂದರೆ ಗಂಡಿನ ಜೀವಮಾನದ ನೌಕರಿಯನ್ನು ಅಲುಗಾಡಿಸಿತು. ಆ ದಶಕದ ಉತ್ತರಾರ್ಧದಲ್ಲಿ ಇಬ್ಬರೂ ದುಡಿಯುವ ಕುಟುಂಬಗಳು ಒಬ್ಬನೇ ದುಡಿಯುವ ಕುಟುಂಬಗಳಿಗಿಂತ ಹೆಚ್ಚಾದವು. ಜನನ ಪ್ರಮಾಣವೂ ಪ್ರಭುತ್ವವನ್ನು ಕಂಗೆಡಿಸಿತು. ‘ಬೆಂಕಿ ಕುದುರೆ’ಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ನಂಬಿಕೆಯಿಂದ 1966ರಲ್ಲಿ ಜನನಗಳು ಥಟ್ಟನೆ ಇಳಿದು ಫಲವಂತಿಕೆಯ ದರ 1.58 ಆಗಿತ್ತು. ಮೂಲಾ ನಕ್ಷತ್ರದ ಕನ್ಯೆಯನ್ನು ಸೊಸೆಯಾಗಿ ತರಲು ಹಿಂಜರಿಯುವ ನಾಡಿನವರಿಗೆ ಈ ನಂಬಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1989ರಲ್ಲಿ ಯಾವ ಅಶುಭವರ್ಷದ ನೆವವೂ ಇಲ್ಲದೆ ದರ 1.57ಕ್ಕೆ ಇಳಿಯಿತು, 2024ರಲ್ಲಿ 1.15. ಅರವತ್ತು ವರ್ಷಗಳ ಚಕ್ರ ಸುತ್ತಿ ಬೆಂಕಿ ಕುದುರೆಯ ವರ್ಷ ಮರಳುವುದು 2026ರಲ್ಲಿ. ಆದರೆ ಹೆರಲು ಹಿಂಜರಿಯುವುದಕ್ಕೆ ಈಗ ನಕ್ಷತ್ರಗಳ ಸಾಕ್ಷ್ಯ ಬೇಕಾಗಿಲ್ಲ.

ಮೇಲ್ನೋಟಕ್ಕೆ ಬದಲಾವಣೆ ದೊಡ್ಡದು. ಮದುವೆ, ಹೆರಿಗೆಗಳ ವಯಸ್ಸಿನಲ್ಲಿ ಕೆಲಸ ಬಿಟ್ಟು, ಮಕ್ಕಳು ಬೆಳೆದ ಮೇಲೆ ಮರಳುವ ಹೆಂಗಸರ ದುಡಿಮೆಯ ರೇಖೆ ರೋಮನ್ ಲಿಪಿಯ ‘ಎಂ’ ಅಕ್ಷರದಂತೆ ನಡುವೆ ತಗ್ಗಾಗಿರುತ್ತಿತ್ತು. ಆ ತಗ್ಗು ಈಗ ಬಹುಮಟ್ಟಿಗೆ ತುಂಬಿದೆ. 15ರಿಂದ 64 ವಯಸ್ಸಿನ ಹೆಂಗಸರಲ್ಲಿ ಶೇ. 70ಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದಾರೆ. ಆದರೆ ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಅರೆಕಾಲಿಕ, ಗುತ್ತಿಗೆ ಮುಂತಾದ ಅನಿಯತ ನೌಕರಿ. ಕಾಯಂ ನೌಕರಿಯಲ್ಲಿರುವವರ ರೇಖೆಯನ್ನಷ್ಟೇ ಎಳೆದರೆ ಅದು ಇಪ್ಪತ್ತರ ಹರೆಯದ ಕೊನೆಯಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಮಲಗಿಸಿದ ‘ಎಲ್’ ಅಕ್ಷರದಂತಿರುವ ಈ ರೇಖೆಯನ್ನು ಸರ್ಕಾರದ ವರದಿಗಳೇ ಈಗ ಚರ್ಚಿಸುತ್ತವೆ.

ಮುರಾತಾ ಸಾಯಾಕಾ ಅವರಿಗೆ 2016ರಲ್ಲಿ ಅಕುತಾಗಾವಾ ಪ್ರಶಸ್ತಿ ತಂದ ‘ಕೊಂಬಿನಿ ನಿಂಗೆನ್’ ಕಾದಂಬರಿಯ ನಾಯಕಿಗೆ 36 ವರ್ಷ. 18 ವರ್ಷಗಳಿಂದ ಒಂದೇ ದಿನಸಿ ಅಂಗಡಿಯಲ್ಲಿ ಅರೆಕಾಲಿಕ ಕೆಲಸ. ಅವಳು ತೃಪ್ತಳಾಗಿದ್ದಾಳೆ; ಸುತ್ತಲಿನವರು ಇಲ್ಲ. ಮದುವೆಯಾಗು, ಇಲ್ಲವೇ ಸರಿಯಾದ ನೌಕರಿ ಹಿಡಿ ಎಂಬುದು ಅವರ ಒತ್ತಾಯ. ಕೆಲಸವಿಲ್ಲದ ಗಂಡಸೊಬ್ಬನನ್ನು ಅವಳು ಮನೆಯಲ್ಲಿಟ್ಟುಕೊಂಡೊಡನೆ ಎಲ್ಲರಿಗೂ ನೆಮ್ಮದಿಯಾಗುತ್ತದೆ. ಅವನು ಎಂಥವನೆಂಬುದು ಮುಖ್ಯವಲ್ಲ, ಗಂಡಸೆಂಬುದು ಮುಖ್ಯ. ಇಚಿಯೊಳ ನಾಯಕಿಯನ್ನು ತಂದೆ ಕಣ್ಣೀರಿನಿಂದ ಒಪ್ಪಿಸಿದ್ದನು. ಮುರಾತಾ ಅವರ ನಾಯಕಿಯನ್ನು ಗೆಳತಿಯರು, ತಂಗಿ, ಸಹೋದ್ಯೋಗಿಗಳು ಹಿತೈಷಣೆಯಿಂದಲೇ ತಿದ್ದಲು ಹೊರಡುತ್ತಾರೆ.

ಗಂಡಸಿನ ಪಾತ್ರದ ಬದಲಾವಣೆ ಇನ್ನೂ ನಿಧಾನ. 2021ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಮನೆಗೆಲಸ ಮತ್ತು ಮಕ್ಕಳ ಪಾಲನೆಗೆ ಹೆಂಡತಿ ದಿನಕ್ಕೆ 7 ಗಂಟೆ 28 ನಿಮಿಷ, ಗಂಡ 1 ಗಂಟೆ 54 ನಿಮಿಷ ವ್ಯಯಿಸುತ್ತಾರೆ. 1996ರಲ್ಲಿ ಗಂಡನ ಪಾಲು 38 ನಿಮಿಷವಾಗಿದ್ದುದನ್ನು ನೆನೆದರೆ ಇದು ಪ್ರಗತಿಯೇ. ಪಾಲನಾ ರಜೆ ಪಡೆಯುವ ತಂದೆಯರ ಪ್ರಮಾಣ 2024ರಲ್ಲಿ ಶೇ. 40.5ಕ್ಕೆ ಏರಿದೆ, 1996ರಲ್ಲಿ ಅದು ಶೇ. 0.12. ಆದರೂ ಹಲವರ ರಜೆ ಕೆಲವು ವಾರಗಳನ್ನು ಮೀರುವುದಿಲ್ಲ. ಕಾಯಂ ನೌಕರನೆಂದರೆ ಎಷ್ಟು ಹೊತ್ತಿಗಾದರೂ ದೊರೆಯುವವನು ಎಂಬ ಅಳತೆಗೋಲು ಉಳಿದಿರುವಾಗ ಅದಕ್ಕಿಂತ ದೀರ್ಘ ರಜೆ ಕೇಳಲು ಧೈರ್ಯ ಬೇಕು.

7

ಈ ಎಲ್ಲ ಎಳೆಗಳು ಒಂದೆಡೆ ಸೇರುವುದು ಕುಲನಾಮದ ವಿವಾದದಲ್ಲಿ. ಜಪಾನಿನ ನಾಗರಿಕ ಸಂಹಿತೆಯ 750ನೆಯ ವಿಧಿಯಂತೆ ದಂಪತಿಗಳಿಬ್ಬರೂ ಒಂದೇ ಕುಲನಾಮ ಹೊಂದಬೇಕು. ಯಾರದೆಂಬುದನ್ನು ಕಾನೂನು ಹೇಳುವುದಿಲ್ಲ, ಸುಮಾರು ಶೇ. 95 ದಂಪತಿಗಳಲ್ಲಿ ಅದು ಗಂಡನದು. ಇದನ್ನು ಪುರಾತನ ಕುಟುಂಬ ಪದ್ಧತಿಯೆಂದು ಸಮರ್ಥಿಸುವವರು ಮರೆಯುವ ಸಂಗತಿಯೆಂದರೆ, ಸಾಮಾನ್ಯ ಜನರಿಗೆ ಕುಲನಾಮ ಕಡ್ಡಾಯವಾದದ್ದೇ 1875ರಲ್ಲಿ; 1876ರ ಸರ್ಕಾರಿ ನಿರ್ದೇಶನದ ಪ್ರಕಾರ ಹೆಣ್ಣು ಮದುವೆಯ ನಂತರವೂ ತವರಿನ ಕುಲನಾಮವನ್ನೇ ಉಳಿಸಿಕೊಳ್ಳಬೇಕಿತ್ತು. ಏಕನಾಮದ ನಿಯಮ ಬಂದದ್ದು 1898ರ ಸಂಹಿತೆಯೊಂದಿಗೆ.

2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಧಿಯನ್ನು ಎತ್ತಿ ಹಿಡಿಯಿತು. ಪೀಠದ 15 ನ್ಯಾಯಾಧೀಶರಲ್ಲಿ ಐವರು ಅದನ್ನು ಸಂವಿಧಾನ ವಿರೋಧಿಯೆಂದರು. ಪೀಠದಲ್ಲಿದ್ದ ಮೂವರು ಮಹಿಳೆಯರೂ ಆ ಐವರಲ್ಲಿ ಸೇರಿದ್ದರು. 2021ರಲ್ಲಿ ಮತ್ತೆ ಅದೇ ತೀರ್ಪು ಬಂದಿತು. ಸ್ತ್ರೀವಾದಿಗಳ ದಶಕಗಳ ಬೇಡಿಕೆಗೆ 2024ರಲ್ಲಿ ಉದ್ಯಮಪತಿಗಳ ಒಕ್ಕೂಟವಾದ ಕೆಯ್‌ದಾನ್‌ರೆನ್ ದನಿಗೂಡಿಸಿ, ಬೇರೆ ಬೇರೆ ಕುಲನಾಮಗಳ ಆಯ್ಕೆಗೆ ಅವಕಾಶ ಕೇಳಿತು. ಪಾಸ್‌ಪೋರ್ಟಿನಲ್ಲೊಂದು, ವೃತ್ತಿಯಲ್ಲೊಂದು ಹೆಸರಿರುವ ಮಹಿಳಾ ಅಧಿಕಾರಿಗಳಿಂದ ವ್ಯವಹಾರಕ್ಕೆ ತೊಡಕಾಗುತ್ತದೆ ಎಂಬುದು ಅದರ ಕಾರಣ. ಸಮಾನತೆಯ ವಾದ ಒಲಿಸದವರನ್ನು ವಹಿವಾಟಿನ ವಾದ ಒಲಿಸಿತು.

2025ರ ಅಕ್ಟೋಬರ್ 21ರಂದು ತಾಕಾಯ್‌ಚಿ ಸಾನಾಯೆ ಜಪಾನಿನ ಮೊದಲ ಮಹಿಳಾ ಪ್ರಧಾನಿಯಾದರು. ಅದೇ ತಿಂಗಳು ಪಕ್ಷದ ಅಧ್ಯಕ್ಷೆಯಾಗಿ ಆಯ್ಕೆಯಾದಾಗ ಅವರು ದುಡಿಮೆ ಮತ್ತು ಬದುಕಿನ ಸಮತೋಲನ ಎಂಬ ಮಾತನ್ನೇ ಬದಿಗಿಟ್ಟು ಕೆಲಸ ಮಾಡುವುದಾಗಿ ಘೋಷಿಸಿದ್ದರು. ಅತ್ಯುನ್ನತ ಪೀಠವನ್ನೇರಿದ ಹೆಣ್ಣು ಆಡಿದ್ದು ಹಳೆಯ ಕಂಪನಿ ನೌಕರನ ನುಡಿ. ಬೇರೆ ಕುಲನಾಮಗಳ ಆಯ್ಕೆಯನ್ನು ಅವರು ವಿರೋಧಿಸುತ್ತ ಬಂದವರು. ತವರಿನ ಹೆಸರನ್ನು ವೃತ್ತಿಯಲ್ಲಿ ಬಳಸಲು ಅನುಕೂಲ ಮಾಡಿಕೊಟ್ಟರೆ ಸಾಕೆಂಬುದು ಅವರ ನಿಲುವು. ಅವರ ಮೊದಲ ಮದುವೆಯ ವರ್ಷಗಳಲ್ಲಿ ಕಾನೂನಿನ ದಾಖಲೆಯಲ್ಲಿದ್ದ ಹೆಸರು ಯಾಮಾಮೊತೊ. ಜನ ಅರಿತಿದ್ದ ಹೆಸರು ತಾಕಾಯ್‌ಚಿ.